ಎರಡನೇ ಕೂಗಿಗೆ ತಿರುಗುವವರು

10 ನವೆಂಬರ್, ಭಾನುವಾರ, ಬೆಳಿಗ್ಗೆ

ಒಂದು ತಮಾಷೆಗೆ ಆದ ಒಟ್ಟು ಖರ್ಚು: ಒಂದು ರಾತ್ರಿಯ ನಿದ್ದೆ. ಬೇಸ್ ಗಿಟಾರಿನ ದಪ್ಪ ತಂತಿ. ಒಂದು ಪಾತ್ರೆ ಇಡ್ಲಿ ಹಿಟ್ಟು — ಉಪ್ಪು ಎರಡು ಸಲ ಬಿತ್ತು. ಆಮೇಲೆ, ನನ್ನ ಬಾಯಿಯ ಮೇಲೆ ನನಗಿದ್ದ ನಂಬಿಕೆ. ಅದೇ ದೊಡ್ಡ ಬಾಬತ್ತು. ಕುಂದಾಪುರದಿಂದ ಈ ಬಂಗಾಳಕ್ಕೆ ಬರುವಾಗ ಬಂಡವಾಳ ಅಂತ ಇದ್ದದ್ದು ಅದೊಂದೇ. ಲೋಟ ತೊಳೆಯುತ್ತಿದ್ದ ಈ ರತ್ನಾಕರ ಸಾಲ್ಟ್ ಲೇಕಿನ ಆಫೀಸುಗಳಿಗೆ ಟಿಫಿನ್ ಕಳಿಸುವವನಾದದ್ದು ಅದರಿಂದಲೇ.

ನಿನ್ನೆ ಟಾಲಿಗಂಜಿನ ಬಾರಿನಲ್ಲಿ ಮಾಮೂಲಿ ಶನಿವಾರ. ನಾನು ಬೇಸ್ ಮತ್ತು ಮೈಕು. ಗಿಟಾರಿಗೆ ಅಮೃತ್ — ಧಾರವಾಡದ ಹುಡುಗ, ಇಲ್ಲಿ ಪಿಎಚ್‌ಡಿ ಮಾಡುತ್ತಾನೆ. ಹಾಡುಗಳ ನಡುವೆ ನಮ್ಮದೊಂದು ಐಟಂ ಉಂಟು. ‘ನಮ್ಮ ಭಾಷೆಯಲ್ಲಿ ಸ್ವಾಗತ’ ಅಂತ ಹೇಳಿ, ಕೈಮುಗಿದು, ನಗುನಗುತ್ತ ಎದುರಿಗೆ ಕುಳಿತವರನ್ನು ಕನ್ನಡದಲ್ಲಿ ಗೇಲಿ ಮಾಡುವುದು. ಬಂಗಾಳಿಗಳು ಶ್ಲೋಕ ಅಂದುಕೊಂಡು ಚಪ್ಪಾಳೆ ತಟ್ಟುತ್ತಾರೆ.

ನಿನ್ನೆ ಸಿಕ್ಕವರು ಮೂಲೆಯ ಟೇಬಲ್ಲಿನ ದತ್ತ ಬಾಬು. ವಾರವಾರ ಬರುವ ಒಂಟಿ ಗಿರಾಕಿ. ಫಿಶ್ ಫ್ರೈ, ಸೋಡಾ. ವೇಟರ್ ಬಿಶು ಹೆಸರು ಹಿಡಿದು ಕರೆದರೆ ಮೊದಲ ಸಲ ತಿರುಗುವುದಿಲ್ಲ. ಎರಡನೇ ಸಲಕ್ಕೆ ತಿರುಗುತ್ತಾರೆ. ಕಿವಿ ಮಂದವಲ್ಲ, ಚಮಚ ಬಿದ್ದರೂ ಬೆಚ್ಚುತ್ತಾರೆ. ನನ್ನ ಕಣ್ಣಿಗೆ ಇಂಥದ್ದೇ ಬೀಳುವುದು.

“ಅಮೃತಾ, ಆ ಮೂಲೆಯವರ ಹೆಸರು ಸ್ವಂತದ್ದಲ್ಲ ಮಾರಾಯ. ಹೊಸ ಚಪ್ಪಲಿ ಹಾಗೆ, ಇನ್ನೂ ಕಚ್ತಾ ಉಂಟು.”

“ಹಳೀ ಹೆಸರು ಎಲ್ಲಿ ಬಿಟ್ಟ ಬಂದಾರಣ್ಣಾ?”

“ಪೊಲೀಸ್ ಸ್ಟೇಷನ್ನಿನ ಗೋಡೆ ಮೇಲೆ. ಫೋಟೋದ ಕೆಳಗೆ.”

ಹಾಲಿನ ತುಂಬ ಚಪ್ಪಾಳೆ. ದತ್ತ ಬಾಬು ಫೋರ್ಕ್ ಕೆಳಗಿಟ್ಟರು.

ಹೊರಡುವಾಗ ಸ್ಟೇಜಿನ ಹತ್ತಿರ ಬಂದರು. ಮೆಲ್ಲಗೆ, ಅಚ್ಚ ಮೈಸೂರು ಕನ್ನಡದಲ್ಲಿ: “ಹೌದು ಸ್ವಾಮಿ. ಇನ್ನೂ ಕಚ್ತಾನೇ ಇದೆ.”

ತಂತಿ ಕಡಿದದ್ದು ಆಗ.

12 ನವೆಂಬರ್, ಮಂಗಳವಾರ, ಮಧ್ಯಾಹ್ನ

ದತ್ತ ಬಾಬು ನನ್ನ ಟಿಫಿನ್ ಅಡುಗೆಮನೆಗೇ ಬಂದರು. ವಿಳಾಸ ನಾನು ಕೊಟ್ಟದ್ದಲ್ಲ. ಸ್ಟೂಲ್ ಎಳೆದು ಕೂತು, ಸಾಂಬಾರಿನ ವಾಸನೆ ಎಳೆದುಕೊಂಡರು.

“ಯಾರು ಹೇಳಿದ್ದು ನಿಮಗೆ?”

“ಯಾರೂ ಇಲ್ಲ ಸಾರ್. ದೇವರಾಣೆ ತಮಾಷೆ.”

“ತಮಾಷೆಗೆ ಇಷ್ಟು ಕರೆಕ್ಟಾಗಿ ಹೇಳಕ್ಕೆ ಬರುತ್ತಾ?”

ಮಾತಾಡಿದೆ. ತುಂಬ ಮಾತಾಡಿದೆ. ಒಂದೊಂದು ಮಾತಿಗೂ ಅವರ ಮುಖ ‘ಹಾಗಾದರೆ ಇವನಿಗೆ ಗೊತ್ತಿದೆ’ ಅನ್ನುತ್ತಿತ್ತು. ಕೊನೆಗೆ ಎದ್ದರು. “ಆ ಹುಡುಗನ ಹಾಸ್ಟೆಲ್ ನೋಡ್ಕೊಂಡು ಬಂದೆ. ಗಾಳಿ ಬೆಳಕು ಚೆನ್ನಾಗಿದೆ. ಶನಿವಾರ ಇಬ್ಬರೂ ಸ್ಟೇಜ್ ಮೇಲೆ ಇರಬೇಕು. ಯಾರು ಕಾಣಿಸಲ್ವೋ ಅವರು ಎಲ್ಲೋ ಬಾಯಿ ಬಿಡಕ್ಕೆ ಹೋಗಿದಾರೆ ಅಂದ್ಕೋತೀನಿ.”

ಪೊಲೀಸರಿಗೆ ಏನಂತ ಹೇಳಲಿ? ನನ್ನ ಜೋಕನ್ನು ಒಬ್ಬರು ಒಪ್ಪಿಕೊಂಡರು ಅಂತಲೇ?

16 ನವೆಂಬರ್, ಶನಿವಾರ

ನುಡಿಸಿದೆವು. ದತ್ತ ಬಾಬು ಈ ಸಲ ಎದುರಿನ ಟೇಬಲ್. ಐಟಂ ಬಿಟ್ಟೆ. ಆದರೆ ಜನ ಬಿಡಲಿಲ್ಲ, ಅವರ ಭಾಷೆಯಲ್ಲಿ ಅಣ್ಣಾ ಅಂತ ‘ದಾ’ ಹಚ್ಚಿ ಕೂಗಿದರು: “ರತ್ನಾಕರ್ ದಾ, ಶ್ಲೋಕ್! ಶ್ಲೋಕ್!” ಕೈಮುಗಿದು ನನ್ನ ಟಿಫಿನ್ ಮೆನು ಹೇಳಿದೆ — ಇಡ್ಲಿ, ವಡೆ, ನೀರುದೋಸೆ — ಮಂತ್ರದ ರಾಗದಲ್ಲಿ. ಭಾರೀ ಚಪ್ಪಾಳೆ. ನಕ್ಕವರು ದತ್ತ ಬಾಬು ಒಬ್ಬರೇ. ನಗುವಾಗಲೂ ಕಣ್ಣು ಅಮೃತನ ಮೇಲೆ.

ಹುಡುಗನಿಗೆ ಮೂರು ಕಡೆ ಸ್ವರ ತಪ್ಪಿತು. ಆಡಿದ್ದು ನಾನು, ತಪ್ಪುತ್ತಿರುವುದು ಅವನಿಗೆ.

22 ನವೆಂಬರ್, ಶುಕ್ರವಾರ

ಹೌರಾದಲ್ಲಿ ಅಮೃತನನ್ನು ರೈಲು ಹತ್ತಿಸಿ ಬಂದೆ. ಅವನ ಅಕ್ಕನ ಮದುವೆ ಹೇಗೂ ಇತ್ತು, ಸ್ವಲ್ಪ ಬೇಗ ಹೊರಡಿಸಿದೆ.

“ಅಣ್ಣಾ, ನಾಳೆ ನೀವ್ ಒಬ್ಬರ ಹೆಂಗ್ರೀ?”

“ನನಗೆ ಬಾಯಿ ಉಂಟಲ್ಲ ಮಾರಾಯ.”

“ಅದಕ್ಕ ಅಂಜಿಕಿ ಆಗೂದು.”

24 ನವೆಂಬರ್, ಭಾನುವಾರ, ಬೆಳಿಗ್ಗೆ

ನಿನ್ನೆ ಒಬ್ಬನೇ ನಿಂತೆ. ಗಿಟಾರಿನ ಜಾಗ ಖಾಲಿ. ದತ್ತ ಬಾಬು ಆ ಖಾಲಿ ಜಾಗ ನೋಡಿ ಬಾಯಿ ಒರೆಸಿಕೊಂಡು ಏಳತೊಡಗಿದರು. ಮೈಕು ಹಿಡಿದೆ. ಕೈಮುಗಿದೆ. ನಕ್ಕೆ.

“ಕೂತುಕೊಳ್ಳಿ ಸಾರ್. ಹುಡುಗ ಮನೆಗೆ ಹೋಗಿದ್ದಾನೆ, ಹೇಳ್ಲಿಕ್ಕೆ ಅವನ ಹತ್ರ ಎಂತದೂ ಇಲ್ಲ. ನನಗೆ ಗೊತ್ತಿರುವುದು ಇಷ್ಟೇ — ಬಿಶು ಕರೆದರೆ ನೀವು ಎರಡನೇ ಸಲಕ್ಕೆ ತಿರುಗ್ತೀರಿ. ಬೇರೆಂತ ಇಲ್ಲ. ಬಾಕಿ ಇದ್ದರೆ ನನ್ನಿಂದ ವಸೂಲು ಮಾಡಿ.”

ಚಪ್ಪಾಳೆ, ಶಿಳ್ಳೆ. ಅವರು ನ್ಯಾಪ್ಕಿನ್ ಕೆಳಗಿಟ್ಟರು. ಕೂತರು. ಆಗ ಕೌಂಟರಿನಿಂದ ಬಿಶು: “ದತ್ತ ಬಾಬು!”

ಮೊದಲನೇ ಕೂಗಿಗೇ ತಿರುಗಿದರು. ಮತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು, ಪಾಠ ಕಲಿತ ಹುಡುಗ ಮೇಷ್ಟರಿಗೆ ಆಡಿಸಿದ ಹಾಗೆ.

ಸರಿ. ಯಾರಿಗೆ ಏನು ಸಿಕ್ಕಿತು. ಅಮೃತನಿಗೆ — ಮದುವೆ ಊಟ, ಅಮ್ಮನ ಮನೆ. ಬಾರಿನವರಿಗೆ — ಹೌಸ್‌ಫುಲ್. ದತ್ತ ಬಾಬುಗೆ — ಕಚ್ಚದ ಹೆಸರು. ಅವರ ವೇಷದಲ್ಲಿ ಒಂದೇ ಒಂದು ತಪ್ಪಿತ್ತು, ನಾನೇ ತಿದ್ದಿಕೊಟ್ಟೆ. ಇನ್ನು ಆ ತಪ್ಪು ಗೊತ್ತಿರುವವನು ಊರಿನಲ್ಲಿ ನಾನೊಬ್ಬ.

ನನಗೆ — ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ “ರತ್ನಾಕರ್ ದಾ” ಅಂದ. ತಿರುಗಲಿಲ್ಲ. ಎರಡನೇ ಸಲ ಕರೆದ ಮೇಲೆ ತಿರುಗಿದೆ.

ಈಗ ಕೆಳಗಿನಿಂದ ಮತ್ತೆ ಯಾರೋ ಕರೆಯುತ್ತಿದ್ದಾರೆ. ದಾ ಅನ್ನುತ್ತಿಲ್ಲ. ಅಚ್ಚ ಮೈಸೂರು ಕನ್ನಡದಲ್ಲಿ “ರತ್ನಾಕರ್‌ ಅವರೇ” ಅನ್ನುತ್ತಿ—