ಮೊಮ್ಮಗಳ ಭಾನುವಾರ

ಕೋಟೇಶ್ವರ, ಗುರುವಾರ

ಸುಗುಣಕ್ಕನಿಗೆ ಹರಿಣಾಕ್ಷಿಯ ನಮಸ್ಕಾರ.

ಇದನ್ನು ಬರೆದು ನಿಮ್ಮ ವಂಡ್ಸೆಗೆ ತಂದವಳು ನಮ್ಮ ಪಕ್ಕದ ಮನೆಯ ಕ್ಷಮಾ. ನನ್ನ ಬಲಗೈ ಬೆರಳುಗಳನ್ನು ಅನೂಪ್ ಮಸೆಗಲ್ಲಿನಿಂದ ಜಜ್ಜಿದ್ದಾನೆ. ಮೊಬೈಲನ್ನೂ ಕಸಿದುಕೊಂಡಿದ್ದಾನೆ. ನಿಮ್ಮ ಮಗಳನ್ನು ಕಡಿದು ಕೊಂದ ನನ್ನ ಈ ಮಗನಿಗೆ ಸೋಮವಾರ ಜಾಮೀನು ಸಿಕ್ಕಿತು.

ತಿಂಗಳಿಗೊಂದು ಭಾನುವಾರ ಮೊಮ್ಮಗಳನ್ನು ನೋಡುವ ಹಕ್ಕಿಗಾಗಿ ನಿಮ್ಮ ಮೇಲೆಯೇ ಕೋರ್ಟಿಗೆ ಹೋಗಿ ಗೆದ್ದವಳು ನಾನು. ಈಗ ಅದೇ ಅವನಿಗೆ ದಾರಿಯಾಗಿದೆ.

"ನೀ ಹೋಪತಿಗೆ ನಾನೂ ಬತ್ತೆ. ನೀ ಕರೆದ್ರೆ ಹೆಣ್ಣ್ ಓಡಿ ಬತ್ತ್. ಕೋರ್ಟಲ್ಲಿ ಸಾಕ್ಷಿ ಹೇಳುಕೆ ಅದ್ ಇಪ್ಪುಕಾಗ" ಎನ್ನುತ್ತಾ, ಕೊಲೆ ಕಂಡ ಮಗು ಸಾಕ್ಷಿ ಹೇಳಲು ಉಳಿಯಬಾರದೆಂದು ನನ್ನ ಮೀನು ಕೊಯ್ಯುವ ಕತ್ತಿಯನ್ನೇ ಮಸೆಯುತ್ತಿದ್ದ. ಅದನ್ನು ಕಿತ್ತುಕೊಳ್ಳಲು ಹೋಗಿ ಬೆರಳು ಜಜ್ಜಿಸಿಕೊಂಡೆ.

ಪ್ರತಿ ಸಲ ನಾನು ನಿಮ್ಮ ಗೇಟಿನಾಚೆ ನಿಂತು, ಮೀನು ಮಾರುವಾಗಿನಂತೆ "ಹ್ವಾಯ್, ಮೀನ್ ಬೇಕಾ" ಎಂದು ಕೂಗುತ್ತೇನೆ. ಶ್ರಾವ್ಯ ನಗುತ್ತಾ ಓಡಿ ಬರುತ್ತಾಳೆ. ಈ ಭಾನುವಾರ ಅವನು ನನ್ನ ಕುತ್ತಿಗೆಗೆ ಕತ್ತಿ ಹಿಡಿದು ಅದನ್ನೇ ಕೂಗಿಸುತ್ತಾನೆ.

ಈ ಪತ್ರವನ್ನು ಇವತ್ತೇ ಪೊಲೀಸ್ ಠಾಣೆಗೆ ಕೊಡಿ. ಅವರು ಬಂದು ಹಿಡಿದರೆ ಸರಿ. ಬರದಿದ್ದರೆ ಭಾನುವಾರ ಗೇಟಿಗೆ ಬೀಗ ಹಾಕಿ, ಮಗುವನ್ನು ಒಳಕೋಣೆಯಲ್ಲಿ ಕೂರಿಸಿ, ಟಿವಿ ಜೋರಾಗಿ ಇಡಿ. ನಾನು ಕರೆಯುವುದು ಅವಳಿಗೆ ಕೇಳಿಸಬಾರದು. ಆಮೇಲೆ ಕಿರುಚುವುದೂ.

ಇಂತಿ,
ಶ್ರಾವ್ಯಳ ಅಜ್ಜಿ ಹರಿಣಾಕ್ಷಿ