ಇನ್ನೂ ಕಲಿಯುವುದಿದೆ

8 ಜನವರಿ 2009, ಗುರುವಾರ

ಬೆಳಿಗ್ಗೆ ಆರು ಮಕ್ಕಳು. ನಾಲ್ವರಿಗೆ ನೆಗಡಿ, ಇಬ್ಬರಿಗೆ ಸೋಮಾರಿತನ. ಹಾರ್ಮೋನಿಯಂನ ಒಂದು ಕೀ ಒತ್ತಿದರೆ ಮೇಲೇಳುವುದಿಲ್ಲ, ನನ್ನ ಮೊಣಕಾಲಿನ ಹಾಗೆ.

ಮಧ್ಯಾಹ್ನ ಮೆಹನಾಜಳ ಸರ್ಟಿಫಿಕೇಟ್ ಬರೆದೆ. ನಾಲ್ಕನೆಯ ವರ್ಷ. "ಸದರಿ ವಿದ್ಯಾರ್ಥಿನಿಯ ಸಂಗೀತ ಶಿಕ್ಷಣ ಪೂರ್ಣಗೊಂಡಿಲ್ಲ. ಇನ್ನೂ ಕಲಿಯುವುದಿದೆ." ಕೆಳಗೆ ಶ್ರೀದೇವಿ ಎಂದು ಸಹಿ, ಸಂಗೀತ ಶಾಲೆಯ ಸೀಲು. ಅಪ್ಪಟ ಸುಳ್ಳು. ಅವಳು ಕಲಿತು ಮುಗಿಸಿ ಎರಡು ವರ್ಷವಾಯಿತು. ಆದರೆ ಸ್ಟೂಡೆಂಟ್ ವೀಸಾ ಅನ್ನುವುದು ಕಲಿಯುವ ತನಕ ಮಾತ್ರ. ಕಲಿತವಳು ಇರಾನಿಗೆ ಹೊರಡಬೇಕು.

ಹುಬ್ಬಳ್ಳಿಗೆ ಫಾರ್ಮಸಿ ಓದಲು ಬಂದ ಹುಡುಗಿ. ಯಾರೋ ಗೆಳತಿಯ ಜೊತೆ ಒಂದು ದಿನ ರಾಣೇಬೆನ್ನೂರಿಗೆ ಬಂದು ನನ್ನ ಹೊಸ್ತಿಲ ಬಳಿ ಕುಳಿತಳು. ಮತ್ತೆ ಏಳಲೇ ಇಲ್ಲ. ಪಕ್ಕದ ಮನೆ ಹಾಜಿರಾಬಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದಾಳೆ. ನಮ್ಮ ಕನ್ನಡ ನಮಗಿಂತ ಚೆನ್ನಾಗಿ ಮಾತಾಡುತ್ತಾಳೆ. ವಯಸ್ಸು ಮೂವತ್ತು ದಾಟಿದೆ.

ಹಾವೇರಿ ಎಸ್‌ಪಿ ಆಫೀಸಿನಲ್ಲಿ ವೀಸಾಕ್ಕೆ ಇನ್ನೊಂದು ವರ್ಷದ ಸಿಕ್ಕಾ ಬಿದ್ದ ದಿನ ಹಾಜಿರಾಬಿ ಶೀರ್‌ಖುರ್ಮಾ ಮಾಡುತ್ತಾಳೆ. ಊರಿಗೆಲ್ಲ ಪಾಸಾದರೆ ಪೇಢೆ, ನಮಗೆ ನಾಪಾಸಾದರೆ ಸಿಹಿ.

18 ಜನವರಿ, ಭಾನುವಾರ

ಮುಂದಿನ ವಾರ ಹಾವೇರಿಯಲ್ಲಿ ನಮ್ಮ ಗುರುಗಳ ಪುಣ್ಯತಿಥಿ. ನನ್ನನ್ನು ಹಾಡಲು ಕರೆದಿದ್ದಾರೆ. ಥೈರಾಯ್ಡ್ ಆಪರೇಶನ್ ಆದ ಮೇಲೆ ಈ ಗಂಟಲಿನಿಂದ ಹಾಲಿನವನನ್ನು ಕರೆಯುವುದೇ ಕಷ್ಟ. ಮೆಹನಾಜ ಹಾಡಲಿ ಎಂದೆ. ಒಪ್ಪಿದರು.

ಅವಳು ಖುಷಿಯಿಂದ ಎರಡು ಸಲ ಮೆಟ್ಟಿಲು ಹತ್ತಿ ಇಳಿದಳು. ಅವಳ ಊರಲ್ಲಿ ಹೆಂಗಸು ಒಬ್ಬಳೇ ಗಂಡಸರ ಮುಂದೆ ವೇದಿಕೆ ಮೇಲೆ ಹಾಡುವ ಹಾಗಿಲ್ಲ. ಒಮ್ಮೆ ಹೇಳಿದ್ದಳು — "ಅಲ್ಲಿ ಹೋದ್ರ ಅಡಗಿಮನ್ಯಾಗ ಹಾಡಬೇಕ್ರಿ ಅಕ್ಕೋರ. ಬಾಗಲಾ ಹಾಕ್ಕೊಂಡು." ನಕ್ಕೇ ಹೇಳಿದ್ದಳು. ನನಗೆ ಆ ದಿನ ಊಟ ಸೇರಲಿಲ್ಲ.

26 ಜನವರಿ, ಸೋಮವಾರ, ಬೆಳಿಗ್ಗೆ

ನಿನ್ನೆಯದು ಬರೆಯಲೇಬೇಕು.

ಸಂಜೆ ನಾಲ್ಕೂವರೆಗೆ ಮೆಹನಾಜ ವೇದಿಕೆ ಹತ್ತಿದಳು. ಮುಲ್ತಾನಿ ಎತ್ತಿಕೊಂಡಳು. ಆ ರಾಗದ ಗಾಂಧಾರ ಸ್ವರ ಬಹಳ ಕೆಳಗೆ ಕೂಡಬೇಕು. ಕೂದಲೆಳೆಯಷ್ಟು ಮೇಲೆ ಹೋದರೂ ರಾಗ ಕೆಟ್ಟಿತು. ನನಗೆ ಅದು ಕೈಗೆ ಬರಲು ಹನ್ನೊಂದು ವರ್ಷ ಹಿಡಿದಿತ್ತು. ಅವಳು ಇಟ್ಟಳು. ಗುರುಗಳು ಇಡುತ್ತಿದ್ದ ಜಾಗದಲ್ಲೇ ಇಟ್ಟಳು.

ನನಗೆ ಏನಾಯಿತೋ. ಎದ್ದು ಹೋಗಿ, ಹಿಂದೆ ತಂಬೂರಿ ನುಡಿಸುತ್ತಿದ್ದ ಹುಡುಗಿಯ ಕೈಯಿಂದ ತಂಬೂರಿ ಇಸಿದುಕೊಂಡು ನಾನೇ ಕುಳಿತೆ. ನಮ್ಮಲ್ಲಿ ಶಿಷ್ಯರು ಗುರುವಿನ ಹಿಂದೆ ಕೂಡುತ್ತಾರೆ. ಗುರು ಶಿಷ್ಯನ ಹಿಂದೆ ಕೂಡುವುದು ಒಂದೇ ಸಲ, ಕಲಿಕೆ ಮುಗಿದ ದಿನ. ಗುರುಗಳು ನನ್ನ ಹಿಂದೆ ಕುಳಿತದ್ದು ಎಪ್ಪತ್ತೆಂಟರಲ್ಲಿ. ಸಭೆಯಲ್ಲಿ ಬಲ್ಲವರು ಎದ್ದು ನಿಂತರು.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ಶ್ರೀದೇವಿ ಹೇಗಾಗುತ್ತೇನೆ? ಮೈಕ್ ಹಿಡಿದು, ಇವಳಿಗೆ ಕೊಡುವುದು ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ ಎಂದೆ. ಅವಳು ಕಾಲಿಗೆ ಬಿದ್ದು ಏಳಲೊಲ್ಲಳು. ಇಬ್ಬರೂ ಅತ್ತೆವು. ಇಷ್ಟು ಸಂತೋಷ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

29 ಜನವರಿ

ಪೇಪರಿನಲ್ಲಿ ಫೋಟೋ. "ಶಿಷ್ಯೆಗೆ ತಂಬೂರಿ ಹಿಡಿದ ಗುರು: ಇರಾನಿ ಯುವತಿಯ ಸಂಗೀತ ವಿದ್ಯೆ ಪೂರ್ಣ." ನಾನು ಆಡಿದ ಮಾತು ಅಕ್ಷರಶಃ ಇದೆ. ಹಾಜಿರಾಬಿ ಕತ್ತರಿಸಿ ಶೋಕೇಸಿಗೆ ಅಂಟಿಸಿದ್ದಾಳೆ. ಬೆಳಗಿನಿಂದ ಫೋನೋ ಫೋನು.

6 ಫೆಬ್ರುವರಿ, ಶುಕ್ರವಾರ

ಹಾವೇರಿ, ಎಸ್‌ಪಿ ಆಫೀಸು. ವಿದೇಶಿಯರ ಕಾಗದಪತ್ರ ನೋಡುವ ಹೆಡ್ ಕಾನ್‌ಸ್ಟೇಬಲ್ ಮಾಲತೇಶಪ್ಪ ಪ್ರತಿವರ್ಷ ಚಹಾ ತರಿಸುತ್ತಿದ್ದ. ಈ ಸಲ ತರಿಸಲಿಲ್ಲ. ಫೈಲು ತೆಗೆದ. ನನ್ನ ಸರ್ಟಿಫಿಕೇಟಿನ ಮೇಲೆ ಪೇಪರಿನ ತುಣುಕು, ಪಿನ್ ಹಾಕಿದ್ದು.

"ಅಕ್ಕೋರ, ಪೇಪರಿನ್ಯಾಗ ಹೇಳಿದ್ದು ಖರೇನೋ, ಇಲ್ಲಿ ಬರದಿದ್ದು ಖರೇನೋ? ಎರಡೂ ಖರೇ ಆಗಾಕ ಬರಂಗಿಲ್ರಿ."

ಸ್ಟೇಜಿನ ಮೇಲೆ ನಾಲ್ಕು ಜನರ ಮುಂದೆ ಹೊಗಳುವುದು ಇದ್ದದ್ದೇ ಎಂದೆ. ಅವನು ಕೆಟ್ಟವನಲ್ಲ. ಸಾಹೇಬರ ಹತ್ತಿರ ಹೋಗಿ ಬಂದ. ಜಿಲ್ಲೆಯ ಬೇರೆ ಸಂಗೀತ ಮಾಸ್ತರರು ಯಾರಾದರೂ ಪರೀಕ್ಷೆ ಮಾಡಿ, ಇನ್ನೂ ಕಲಿಯುವುದಿದೆ ಎಂದು ಬರೆದುಕೊಟ್ಟರೆ ಮುಂದುವರಿಸುತ್ತಾರಂತೆ. ಇಲ್ಲದಿದ್ದರೆ ಮಾರ್ಚ್ ಕೊನೆಗೆ ಹೊರಡಬೇಕು. ಹೆಸರನ್ನೂ ಅವರೇ ಸೂಚಿಸಿದ್ದಾರೆ — ಬ್ಯಾಡಗಿಯ ಹಾಲಸಿದ್ದಪ್ಪ ಮಾಸ್ತರರು.

ಬಸ್ಸಿನಲ್ಲಿ ಮೆಹನಾಜ ಇಬ್ಬರ ಟಿಕೆಟ್ಟನ್ನೂ ತಾನೇ ತೆಗೆದಳು. ಎರಡು ವರ್ಷ ಮುಚ್ಚಿಟ್ಟಿದ್ದನ್ನು ಒಂದು ಮೈಕ್ ಸಿಕ್ಕಿದ್ದೇ ಊರಿಗೆಲ್ಲ ಸಾರಿದೆ. ಮಾತು ಆಡಿದರೆ ಹೋಯಿತು.

7 ಫೆಬ್ರುವರಿ

ಹಾಲಸಿದ್ದಪ್ಪ ನನ್ನ ಗುರುಬಂಧು, ವಯಸ್ಸಿನಲ್ಲಿ ಹಿರಿಯ. ಲಕ್ವ ಹೊಡೆದು ಆರು ವರ್ಷದಿಂದ ಮನೆ ಬಿಟ್ಟಿಲ್ಲ, ಮೆಹನಾಜಳ ಹಾಡು ಕೇಳಿಲ್ಲ. ಅದೊಂದೇ ಸಮಾಧಾನ. ಸುಳ್ಳು ಬರೆದುಕೊಡು ಎಂದರೆ ಬಾಗಿಲು ತೋರಿಸುತ್ತಾನೆ. ಸ್ವಂತ ಮಗಳನ್ನು ನಾಪಾಸು ಮಾಡಿದ ಮನುಷ್ಯ.

ಹಾಗಾದರೆ ಉಳಿದದ್ದು ಒಂದೇ ದಾರಿ. ಅವಳು ಅವನ ಮುಂದೆ ಕೆಟ್ಟದಾಗಿ ಹಾಡಬೇಕು.

9 ಫೆಬ್ರುವರಿ

ಹೇಳಿದೆ. ಮೆಹನಾಜ ಹಾರ್ಮೋನಿಯಂ ಮುಚ್ಚಿದಳು.

"ಬೇಸೂರ ಹಾಡೂದು ನೀವು ನನಗ ಕಲಿಸೇ ಇಲ್ಲಲ್ರಿ, ಅಕ್ಕೋರ."

ಸರಿ. ಅದನ್ನೂ ಕಲಿಸೋಣ.

11 ಫೆಬ್ರುವರಿ

ಎರಡು ದಿನದ ಪಾಠ. ಬರೆಯಲು ನಾಚಿಕೆ. ಪೂರ್ತಿ ಕೆಡಿಸಿದರೆ ನಾಟಕವೆಂದು ಅವನಿಗೆ ತಿಳಿಯುತ್ತದೆ. ಅರ್ಧ ಕಲಿತವರು ಎಡವುವ ಹಾಗೆ ಎಡವಬೇಕು. ಮುಲ್ತಾನಿಯನ್ನೇ ಆರಿಸಿದೆ. ಗಾಂಧಾರ ತುಸು ಮೇಲೆ. ಉಸಿರು ಮುಂಚೆ ಬಿಡುವುದು. ಒಡೆದ ಗಂಟಲಿನಲ್ಲಿ ತಪ್ಪು ಗಾಂಧಾರ ಹಾಡಿ ತೋರಿಸಿದೆ. ಅವಳು ಕೇಳಿ, ಕಣ್ಣು ಮುಚ್ಚಿ, ಸರಿಯಾದದ್ದನ್ನೇ ಹಾಡಿದಳು. ಬೈದೆ. ಸರಿ ಹಾಡಿದ್ದಕ್ಕೆ ಬೈದೆ! ಮೂವತ್ತು ವರ್ಷ ಪಾಠ ಹೇಳಿದ ಬಾಯಿ ಇದು.

ಜಗಲಿಯಲ್ಲಿ ಮಕ್ಕಳು ಕಿಸಕ್ಕೆಂದವು. ಇವತ್ತು ಅಕ್ಕೋರಿಗೆ ಏನೋ ಆಗಿದೆ ಅಂದುಕೊಂಡಿರಬೇಕು. ಆಗಿದೆ.

21 ಫೆಬ್ರುವರಿ, ಶನಿವಾರ

ಕಲಿತಳು. ನನ್ನ ಶಿಷ್ಯೆ ಏನು ಕಲಿಸಿದರೂ ಕಲಿಯುತ್ತಾಳೆ. ಇವತ್ತು ಹತ್ತು ಸಲ ಹಾಡಿಸಿದೆ, ಹತ್ತು ಸಲವೂ ಗಾಂಧಾರ ಮೇಲೆ. ಶಾಬಾಸ್ ಎಂದೆ. ಎದ್ದು ಹಿತ್ತಲಿಗೆ ಹೋಗಿ ಅತ್ತಳು. ನಾನು ಇಲ್ಲಿಯೇ ಕುಳಿತು ಅತ್ತೆ.

ಹಾಜಿರಾಬಿಗೆ ಇದೆಲ್ಲ ತಿಳಿಯುವುದಿಲ್ಲ. ಗಾಬರಿಯಾಗಬೇಡಿ ಎಂದು ಧೈರ್ಯ ಹೇಳಿದಳು. "ಮೆಣಸಿನಕಾಯಿ ಸೀಜನ್ ಐತಿ. ಬ್ಯಾಡಗ್ಯಾಗ ಈಗ ಕೋಗಿಲೀನೂ ಕೆಮ್ಮತೈತಿ." ನಗು ಬಂತು. ಈ ತಿಂಗಳು ಬಂದ ಮೊದಲ ನಗು.

26 ಫೆಬ್ರುವರಿ

ಬ್ಯಾಡಗಿಗೆ ಹೋಗಿ ಬಂದೆವು.

ಬರೆಯಲಾರೆ.

28 ಫೆಬ್ರುವರಿ, ಶನಿವಾರ

ಬರೆಯದಿದ್ದರೆ ತಲೆಯೊಳಗೇ ಸುತ್ತುತ್ತದೆ.

ಬಸ್ ಸ್ಟ್ಯಾಂಡಿನಿಂದಲೇ ಘಾಟು. ರಸ್ತೆಯ ತುಂಬ ಮೆಣಸಿನಕಾಯಿ ಚೀಲದ ಲಾರಿಗಳು. ಎಲ್ಲರೂ ಸೀನುತ್ತಿದ್ದರು. ಒಳ್ಳೆಯ ಶಕುನ ಅನ್ನಿಸಿತು. ಹಾಲಸಿದ್ದಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಕಿಟಕಿ ಹಾಕಿದ್ದರು. ನಾನು ಹಿಂದೆ ತಂಬೂರಿ ಹಿಡಿದೆ, ಬೇರೆ ಯಾರೂ ಇರಲಿಲ್ಲ.

ಕೆಮ್ಮಿ ಶುರು ಮಾಡಿದಳು. ಮೊದಲ ಗಾಂಧಾರ ಮೇಲೆ. ಎರಡನೆಯದೂ ಮೇಲೆ. ಅವನು ಕಣ್ಣು ಮುಚ್ಚಿದ್ದ, ಹುಬ್ಬು ಗಂಟಾಯಿತು. "ದನಿ ಐತಿ. ಇನ್ನೂ ಬಲಿತಿಲ್ಲ" ಎಂದ. ಇನ್ನೇನು ಬೇಕು? ಗೆದ್ದಿದ್ದೆವು. ಇನ್ನು ಎರಡು ನಿಮಿಷ ಹಾಡಿ ನಿಲ್ಲಿಸಿದ್ದರೆ ಮುಗಿಯುತ್ತಿತ್ತು.

ಮೂರನೆಯ ಸಲ ಇಟ್ಟಳು. ತಂಬೂರಿಯ ಮೇಲೆ ಆ ತಪ್ಪು ಸ್ವರ ಮುಳ್ಳಿನ ಹಾಗೆ ನಿಂತಿತು. ನಾನು ಸುಮ್ಮನಿರಬೇಕಿತ್ತು. ಹಲ್ಲು ಕಚ್ಚಿಕೊಂಡೇ ಇದ್ದೆ. ನನ್ನ ಗಂಟಲು ತಾನಾಗಿ ತಿದ್ದಿತು. ದಿನಾ ಬೆಳಿಗ್ಗೆ ಮಕ್ಕಳಿಗೆ ತಿದ್ದುವ ಹಾಗೆ, ಹೂಂ ಎಂದು, ಸರಿಯಾದ ಗಾಂಧಾರ ಹೊರಗೆ ಬಿತ್ತು. ಸಣ್ಣ ದನಿ, ಒಡೆದ ದನಿ. ಆದರೆ ಸರಿ.

ಅವಳೂ ತಡೆಯಲಿಲ್ಲ. ನಾನು ತೋರಿಸಿದ ಮೇಲೆ ಬಿಡುವುದು ಅವಳಿಗೆ ಗೊತ್ತಿಲ್ಲ. ಹಿಡಿದಳು. ಹಿಡಿದ ಮೇಲೆ ಮತ್ತೆ ಕೆಡಿಸಲು ಆಗಲಿಲ್ಲ. ಘಾಟು, ಕೆಮ್ಮು ಎಲ್ಲಿ ಹೋದವೋ. ಇದರ ಮುಂದೆ ಹಾವೇರಿಯಲ್ಲಿ ಹಾಡಿದ್ದು ಏನೂ ಅಲ್ಲ. ಮುಗಿಸಿದಾಗ ಹೊರಗೆ ಹಮಾಲರು ಚೀಲ ಬಿಟ್ಟು ಕಟ್ಟೆಯ ಮೇಲೆ ಕೇಳುತ್ತ ಕುಳಿತಿದ್ದರು.

ಹಾಲಸಿದ್ದಪ್ಪ ಕಣ್ಣು ತೆರೆದ. "ನಾಪಾಸ ಮಾಡಿಸಾಕ ಕರಕೊಂಡ ಬಂದಿದ್ದೇನವಾ ತಂಗಿ? ನಿನ್ನ ಕಿವಿ ನಿನ್ನ ಮಾತು ಕೇಳಲಿಲ್ಲ ನೋಡು."

ಎಲ್ಲ ಹೇಳಿದೆ. ಕಾಲು ಹಿಡಿದೆ. ಅವನ ಕಣ್ಣಲ್ಲೂ ನೀರಿತ್ತು. ಆದರೆ ಕೇಳಿದ ಮೇಲೆ ಕೇಳಿಲ್ಲ ಅನ್ನಲಾರೆ ಎಂದ. ಬರೆದುಕೊಟ್ಟ — ಶಿಕ್ಷಣ ಪೂರ್ಣವಾಗಿದೆ.

ದಾರಿಯಲ್ಲಿ ಅವಳ ಕೈ ಹಿಡಿದುಕೊಂಡೇ ಬಂದೆ. ತಪ್ಪಾಯಿತು ಎಂದೆ. ಅವಳು ತಲೆ ಅಲ್ಲಾಡಿಸಿದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಎರಡು ಸಲ ಅವಳನ್ನು ನಾನೇ ಹೊರಹಾಕಿದೆ, ಒಮ್ಮೆ ಬಾಯಿಂದ, ಒಮ್ಮೆ ಕಿವಿಯಿಂದ.

13 ಮಾರ್ಚ್

ಆರ್ಡರ್ ಬಂತು. ತಿಂಗಳ ಕೊನೆಯೊಳಗೆ ದೇಶ ಬಿಡಬೇಕು. ಮಾಲತೇಶಪ್ಪ ಇವತ್ತು ಚಹಾ ತರಿಸಿದ. ಕುಡಿಯಲಾಗಲಿಲ್ಲ.

ಇನ್ನೊಂದು ಕೋರ್ಸ್? ತಬಲಾ, ಯೋಗ, ಏನಾದರೂ? ಇರಾನಿನಿಂದಲೇ ಹೊಸದಾಗಿ ಅರ್ಜಿ ಹಾಕಬೇಕಂತೆ. ಅಲ್ಲಿಗೆ ಹೋದ ಕೂಡಲೇ ಅವಳ ಅಣ್ಣ ಪಾಸ್‌ಪೋರ್ಟ್ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ ಎಂದಳು.

27 ಮಾರ್ಚ್, ಶುಕ್ರವಾರ. ಯುಗಾದಿ

ಬೇವುಬೆಲ್ಲ ತಿಂದು ಹೊರಟಳು. ತಂಬೂರಿ ಕೊಡುತ್ತೇನೆಂದೆ. ಅಲ್ಲಿ ಎಲ್ಲಿಡಲಿ ಎಂದಳು. ಹಾಜಿರಾಬಿ ಡಬ್ಬಿ ತುಂಬ ಶ್ಯಾವಿಗೆ ಕಟ್ಟಿಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ಟೇಶನ್ನಿಗೆ ನಾನೊಬ್ಬಳೇ.

ರೈಲು ಬರುವಾಗ ಕೇಳಿದಳು — "ಅಕ್ಕೋರ, ಖರೇ ಹೇಳ್ರಿ. ಕಲಿಯೂದು ಏನೂ ಉಳದಿಲ್ಲೇನ್ರಿ?"

ನಾನು ಅವಳ ಚೀಲ ಎತ್ತಿ ರೈಲಿಗೆ ಏರಿಸಿದೆ.

12 ಏಪ್ರಿಲ್

ಬೆಳಿಗ್ಗೆ ಮಕ್ಕಳು ಬಂದವು. ವಾಪಸ್ ಕಳಿಸಿದೆ. ಎರಡು ವಾರದಿಂದ ಹಾಗೇ. ಯಾರ ಬೇಸೂರೂ ಕಿವಿಗೆ ಬೀಳುವುದು ಬೇಡ. ಸರಿ ಸ್ವರ ಮೊದಲೇ ಬೇಡ.

19 ಏಪ್ರಿಲ್, ಭಾನುವಾರ, ಸಂಜೆ

ಫೋನ್. ಅವಳೇ. ದನಿ ಬಹಳ ಸಣ್ಣಗೆ. ಅಡುಗೆಮನೆಯಲ್ಲಿ ಇದ್ದಾಳಂತೆ, ಬಾಗಿಲು ಹಾಕಿಕೊಂಡು. ಅಣ್ಣ ಹೊರಗೆ ಹೋಗಿದ್ದಾನಂತೆ, ಇನ್ನೇನು ಲಗೂ ಬರುತ್ತಾನಂತೆ. ಉಂಡ್ಯಾ ಎಂದೆ.

ಮುಲ್ತಾನಿ ಎತ್ತಿಕೊಂಡಳು. ಪಿಸುದನಿಯಲ್ಲಿ. ಗಾಂಧಾರಕ್ಕೆ ಬಂದಳು — ಮೇಲೆ ಇಟ್ಟಳು. ನಾನು ಕಲಿಸಿದ ಆ ತಪ್ಪು ಗಾಂಧಾರ. ಬೇಕಂತಲೇ. ಇಟ್ಟು ನಿಲ್ಲಿಸಿ, ಕಾದಳು. ಪಾಠದಲ್ಲಿ ನಾನು ತಿದ್ದುವುದನ್ನು ಕಾಯುತ್ತಿದ್ದ ಹಾಗೆ.

ತಿದ್ದಲು ಬಾಯಿ ತೆರೆದೆ. ಅಲ್ಲಿ ಬಾಗಿಲು ಬಡಿದ ಸದ್ದು. ಲೈನ್ ಹೋಯಿತು.

ತಂಬೂರಿ ಶ್ರುತಿ ಮಾಡಿ ಫೋನಿನ ಪಕ್ಕ ಇಟ್ಟುಕೊಂಡು ಕುಳಿತಿದ್ದೇನೆ. ಮತ್ತೆ ಮಾಡುತ್ತಾಳೆ. ಮಾಡಿದ ಕೂಡಲೇ ಮೊದಲು ಗಾಂಧಾರ ಹಾಡಿ ತೋರಿಸಿ, ಆಮೇಲೆ ಹೇಳಬೇಕು, ಇನ್ನೂ ಕಲಿಯು— ಫೋನ್