ಬಾವಿ ನೀರಾಗ ಇಟ್ಟ ಕಾಲು

೧೯೪೧ ಏಪ್ರಿಲ್ ೧೪, ಸೋಮವಾರ. ತಾವರಗೇರಾ.

ಕೊಪ್ಪಳದ ಡಾಕ್ಟರು ನಿನ್ನೆ ಹೇಳಿದ ಮಾತು ತಲಿಯಿಂದ ಹೋಗವಲ್ದು. ನಾರುಹುಣ್ಣಾದ ಕಾಲು ನೀರಾಗ ಇಟ್ರ ಹುಣ್ಣಿನೊಳಗಿನ ಹುಳ ಅಲ್ಲೇ ಮರಿ ಬಿಡತೈತಂತ. ಆ ನೀರು ಕುಡಿದವರಿಗೆ ವರ್ಷದಾಗ ಅದೇ ಹುಣ್ಣಂತ.

ಹೋದ ಬ್ಯಾಸಗ್ಯಾಗ ಹೆಂಡತಿ ಅನ್ನಮ್ಮ ಕಾಲಾಗಿನ ನಾರುಹುಣ್ಣಿನ ಉರಿ ತಾಳಲಾರದ ಅಳತಿದ್ಲು. "ಬಾವಿ ಮೆಟ್ಟಿಲ ಮ್ಯಾಲ ಕುಂತು ಕಾಲು ನೀರಾಗ ಬಿಡು" ಅಂದವ ನಾನೇ. ಓಣಿಗೆಲ್ಲ ಕುಡಿಯೋ ನೀರು ಅದೊಂದೇ. ಈಗ ಹನ್ನೊಂದು ಮಂದಿ ಕುಂಟತಾರ.

ಸಂಜಿಗೆ ನೆರಮನಿ ಉಡಚಮ್ಮ ಕುಂಟಿಕೋತ ಬಂದ್ಲು. "ಮಾಸ್ತರ, ನೀವು ಅಕ್ಕಗ ಹೇಳಿದಂಗ ನಾನೂ ದಿನಾ ಬಾವ್ಯಾಗ ಕಾಲಿಟ್ಟು ಕುಂದರತೀನ್ರಿ. ಭಾಳ ತಂಪಾಗತೈತಿ. ನಿಮ್ಮ ಪುಣ್ಯಾ."

ಬ್ಯಾಡ ಅಂದಿದ್ರ ಯಾಕ ಅಂತ ಕೇಳತಿದ್ಲು.

"ಛಲೋ ಆತು ಬಿಡವ್ವಾ" ಅಂದೆ.